12 ಸಾವಿರದ ಟ್ರೇನರ್, ಎಂಟು ದಿನದ ಪಾಠ

ಮೊದಲ ಸಲ ಡೆಡ್‌ಲಿಫ್ಟ್ ಮಾಡಿದ ಮರುದಿನ, ಕ್ಲಾಸಿನಲ್ಲಿ ಕೆಳಗೆ ಬಿದ್ದ ಪೆನ್ನನ್ನು ಬಗ್ಗಿ ಎತ್ತಿಕೊಳ್ಳಲಾಗದೆ ಪಕ್ಕದವನ ಮುಖ ನೋಡಿದ್ದೆ. ಯೂಟ್ಯೂಬ್ ನೋಡಿ ಕಲಿತ ವಿದ್ಯೆ ಅದು. ವಿಡಿಯೊದಲ್ಲಿದ್ದವನು ಸಲೀಸಾಗಿ ಎತ್ತಿದ್ದ, ನಾನೂ ಎತ್ತಿದೆ. ಅವನ ಬೆನ್ನು ನೆಟ್ಟಗಿತ್ತು, ನನ್ನದು ಬಿಲ್ಲಿನ ಹಾಗೆ ಬಾಗಿತ್ತು. ಅದನ್ನು ಹೇಳುವವರು ಯಾರೂ ಇರಲಿಲ್ಲ.

ವಾರ ಬಿಟ್ಟು ಜಿಮ್‌ಗೆ ಹೋದಾಗ ಕೌಂಟರ್‌ನಲ್ಲಿದ್ದವರು, ‘ಪರ್ಸನಲ್ ಟ್ರೇನರ್ ತಗೊಳ್ಳಿ. ತಿಂಗಳಿಗೆ 5 ಸಾವಿರ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ 12 ಸಾವಿರ’ ಎಂದರು. ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡಿರುವ ನಾನು ಮೆಸ್‌ಗೆ ಕೊಡುವುದು ತಿಂಗಳಿಗೆ 3 ಸಾವಿರ. ಅಂದರೆ ನಾಲ್ಕು ತಿಂಗಳ ಊಟದ ದುಡ್ಡು! ಜಿಮ್ ಫೀಸು ಸಾವಿರ ರೂಪಾಯಿ ಬೇರೆ.

ಆದರೂ ಅಪ್ಪನಿಗೆ ಫೋನ್ ಮಾಡಿ, ‘ಪ್ರಾಜೆಕ್ಟ್‌ಗೆ ಕಿಟ್ ತಗೋಬೇಕಪ್ಪ’ ಅಂದೆ. ಮೆಕ್ಕೆಜೋಳ ಮಾರಿದ ದುಡ್ಡು ಕೈಗೆ ಬಂದಿದ್ದ ವಾರ ಅದು. ಅಪ್ಪ ಒಂದು ಮಾತೂ ಕೇಳದೆ ಕಳಿಸಿದರು.

ಮೊದಲ ಕೆಲವು ವಾರ ನಿಜಕ್ಕೂ ಚೆನ್ನಾಗಿತ್ತು. ಟ್ರೇನರ್ ಪ್ಲೇಟ್‌ಗಳನ್ನೆಲ್ಲ ತೆಗೆಸಿ ಬರೀ ರಾಡ್ ಕೈಗೆ ಕೊಟ್ಟರು. ಬೆನ್ನು ಬಾಗಿಸದೆ ಸೊಂಟವನ್ನು ಹಿಂದಕ್ಕೆ ತಳ್ಳುವುದು, ಭಾರವನ್ನು ಮೈಗೆ ಹತ್ತಿರ ಇಟ್ಟುಕೊಳ್ಳುವುದು, ಸ್ಕ್ವಾಟ್ ಮಾಡುವಾಗ ಮೊಣಕಾಲು ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು, ಉಸಿರನ್ನು ಯಾವಾಗ ಬಿಡಬೇಕು ಎಂಬುದು... ಇವೆಲ್ಲ ವಿಡಿಯೊದಲ್ಲೂ ಇದ್ದವು. ಆದರೆ ನಾನು ತಪ್ಪು ಮಾಡಿದ ಆ ಕ್ಷಣಕ್ಕೆ ವಿಡಿಯೊ ‘ನಿಲ್ಲಿಸು’ ಅನ್ನುವುದಿಲ್ಲ. ಟ್ರೇನರ್ ಅನ್ನುತ್ತಿದ್ದರು. ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸಿತು.

ಆಮೇಲೆ ಅವರ ಕೆಲಸ ಎಣಿಸುವುದಷ್ಟೇ ಆಯಿತು. ‘ಎಂಟು, ಒಂಬತ್ತು, ಇನ್ನೊಂದು ಹೊಡಿ...’ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಮೊಬೈಲ್ ಮೇಲೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕಲಿಸಬೇಕಾದ್ದನ್ನು ಅವರು ಕಲಿಸಿ ಮುಗಿಸಿದ್ದರು. ನಾನು ಮಾತ್ರ ಮೂರು ತಿಂಗಳ ದುಡ್ಡು ಕಟ್ಟಿಬಿಟ್ಟಿದ್ದೆ.

ಎಂಜಿನಿಯರಿಂಗ್ ವಿದ್ಯಾರ್ಥಿ ಅಲ್ಲವೇ, ಕೊನೆಗೆ ಲೆಕ್ಕ ಹಾಕಿದೆ. ವಾರಕ್ಕೆ ಮೂರು ದಿನದಂತೆ 36 ಸೆಷನ್. ಒಂದಕ್ಕೆ 333 ರೂಪಾಯಿ. ಆದರೆ ದೀಪಾವಳಿ, ಇಂಟರ್ನಲ್ಸ್, ಜ್ವರ ಅಂತ ತಪ್ಪಿಸಿ ನಾನು ಹೋಗಿದ್ದು 22 ದಿನ. ಅಲ್ಲಿಗೆ ಒಂದಕ್ಕೆ 545 ರೂಪಾಯಿ. ಅದರಲ್ಲೂ ಹೊಸತು ಕಲಿತಿದ್ದು ಮೊದಲ ಎಂಟು ದಿನ ಮಾತ್ರ. ಉಳಿದ 14 ದಿನ ನಾನು ದುಡ್ಡು ಕೊಟ್ಟಿದ್ದು ನನ್ನನ್ನು ಹುರಿದುಂಬಿಸಲು.

ಸಂಕ್ರಾಂತಿಗೆ ಊರಿಗೆ ಹೋದೆ. ದರ ಏರಲಿ ಎಂದು ಇಟ್ಟಿದ್ದ ಜೋಳದ ಚೀಲಗಳನ್ನು ಅಪ್ಪ ಟ್ರ್ಯಾಕ್ಟರ್‌ಗೆ ಹೇರುತ್ತಿದ್ದರು. ಜಿಮ್‌ನ ಹುರುಪಿನಲ್ಲಿ ನಾನೂ ಕೈಹಾಕಿದೆ. ಅವಸರದಲ್ಲಿ ಕಲಿತಿದ್ದು ಮರೆತೇ ಹೋಯಿತು. ‘ಏಯ್, ನಡ ಬಗ್ಗಿಸಬ್ಯಾಡ. ಮಣಕಾಲು ಬಗ್ಗಿಸು, ಚೀಲ ಮೈಗೆ ಒತ್ತಿ ಹಿಡಕೊ’ ಎಂದು ಅಪ್ಪ ಗದರಿದರು. ನನ್ನ ಟ್ರೇನರ್ ಮೊದಲ ದಿನ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ನಾಚಿಕೆಯಾಯಿತು. ಕಿಟ್‌ನ ವಿಷಯ ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆನ್ನು ಈಗ ಹೆಂಗೈತಿ?’ ಅಂದರು. ಕೈ ತೊಳೆದು ಏಳುವಾಗ, ‘ಇನ್ನೊಂದ್ಸಲ ಜಿಮ್ಮಿಗೆ ಅಂತಾನ ಕೇಳು’ ಎಂದರು. ಅಷ್ಟೇ.

ಹಾಗಾದರೆ ವಿದ್ಯಾರ್ಥಿಗೆ ಪರ್ಸನಲ್ ಟ್ರೇನರ್ ಬೇಡವೇ? ಬೇಕು, ಆದರೆ ಸ್ವಲ್ಪ ದಿನಕ್ಕೆ. ಟ್ರೇನರ್‌ನಿಂದ ನಮಗೆ ಸಿಗುವುದು ಎರಡು: ತಪ್ಪು ಹಿಡಿಯುವ ಕಣ್ಣು ಮತ್ತು ದಿನಾ ಎಬ್ಬಿಸುವ ಒತ್ತಾಯ. ಮೊದಲನೆಯದಕ್ಕೆ ದುಡ್ಡು ಕೊಡಬಹುದು. ಎರಡನೆಯದು ಗೆಳೆಯನ ಹತ್ತಿರ ಪುಕ್ಕಟೆ ಸಿಗುತ್ತದೆ. ಈಗ ನಾನೂ ನನ್ನ ರೂಮ್‌ಮೇಟೂ ಬೆಳಿಗ್ಗೆ 6ಕ್ಕೆ ಒಟ್ಟಿಗೆ ಹೋಗುತ್ತೇವೆ. ಒಬ್ಬರ ಸೆಟ್ ಇನ್ನೊಬ್ಬರು ಪಕ್ಕದಿಂದ ವಿಡಿಯೊ ಮಾಡುತ್ತೇವೆ. ಬೆನ್ನು ಬಾಗಿದರೆ ಕಾಣುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಲು ಬಂದ ಮೇಲಷ್ಟೇ ಭಾರ ಏರಿಸುತ್ತೇವೆ, ಅದೂ ಸ್ವಲ್ಪ ಸ್ವಲ್ಪ.

ನೀವು ದುಡ್ಡು ಕಟ್ಟುವ ಮೊದಲು ಕೆಲವು ವಿಷಯ ನೋಡಿಕೊಳ್ಳಿ. ತಿಂಗಳ ಪ್ಯಾಕೇಜ್ ಬದಲು ಆರೆಂಟು ಸೆಷನ್‌ಗಷ್ಟೇ ದುಡ್ಡು ತೆಗೆದುಕೊಳ್ಳುತ್ತಾರಾ ಎಂದು ಕೇಳಿ. ಕಡೆಯ ದಿನ, ಮುಂದೆ ಒಬ್ಬರೇ ಮಾಡಲು ಒಂದು ಪಟ್ಟಿ ಬರೆಸಿಕೊಳ್ಳಿ. ಹಳೆಯ ಪೆಟ್ಟು, ನೋವು, ಬೇರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅಂಥವರಿಗೆ ಟ್ರೇನರ್ ಹೆಚ್ಚು ದಿನ ಬೇಕಾದೀತು, ಅದು ದಂಡವಲ್ಲ.

ಕಾಲೇಜನ್ನೂ ಮರೆಯಬೇಡಿ. ವಿಟಿಯು 2022ರ ಸ್ಕೀಮ್‌ನಲ್ಲಿ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದು ಕಡ್ಡಾಯ. ನಾನು ದೈಹಿಕ ಶಿಕ್ಷಣ ಆಯ್ದುಕೊಂಡು, ಹಾಜರಿಗಾಗಿ ಮಾತ್ರ ಹೋಗುತ್ತಿದ್ದೆ. ಮೊನ್ನೆ ನಮ್ಮ ಪಿಇ ಸರ್ ಹತ್ತಿರ ಸ್ಕ್ವಾಟ್ ತೋರಿಸಿ ಅಂದಾಗ ಅರ್ಧ ಗಂಟೆ ನಿಂತು ತಿದ್ದಿದರು. ಮೂರು ವರ್ಷದಲ್ಲಿ ಅವರನ್ನು ಹಾಗೆ ಕೇಳಿದ್ದು ಅದೇ ಮೊದಲು.

ಪ್ರೋಟೀನ್ ಡಬ್ಬಿಗೂ ಅವಸರ ಬೇಡ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಪ್ರೋಟೀನ್ ಇದೆ. ಇನ್ನು ವ್ಯಾಯಾಮ ಎಷ್ಟು ಬೇಕು? ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಕ್ಕೆ 12 ಸಾವಿರ ಬೇಕಿಲ್ಲ.

ಮುಂದಿನ ತಿಂಗಳು ಹೊಸ ವ್ಯಾಯಾಮವೊಂದನ್ನು ಕಲಿಯಬೇಕೆಂದಿದ್ದೇನೆ. ಅದೇ ಟ್ರೇನರ್ ಹತ್ತಿರ ಎರಡೇ ಸೆಷನ್ ಕೇಳಿದ್ದೇನೆ, ಸಾವಿರ ರೂಪಾಯಿಗೆ ಒಪ್ಪಿದ್ದಾರೆ. ಅಪ್ಪನಿಗೂ ಹೇಳಿದ್ದೇನೆ, ಈ ಸಲ ಜಿಮ್ಮಿಗೆ ಅಂತಾನೇ.