ನಡುಹೊಳೆಯ ಗಡಿ

ನಾನು ಇಂಜಿನಿಯರಿಂಗ್ ಓದಿದವನು. ಇತಿಹಾಸದ ಪುಸ್ತಕವನ್ನು ಹತ್ತನೇ ಕ್ಲಾಸಿಗೇ ಮುಚ್ಚಿಟ್ಟಿದ್ದೆ. ಅದನ್ನು ಮತ್ತೆ ತೆರೆಸಿದ್ದು ಹಂಪಸಾಗರದ ಒಬ್ಬ ಅಜ್ಜ. ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ನಿಂತು, ಎದುರಿನ ಕೊಪ್ಪಳ ಸೀಮೆ ಕಡೆ ಕೈ ತೋರಿಸಿ ಹೇಳಿದರು: ‘ಅದು ಮೊಗಲಾಯಿ. ನಮ್ಮ ಅಕ್ಕನ್ನ ಅಲ್ಲಿಗೆ ಕೊಟ್ಟಿದ್ವಿ. ನಮಗ ಸ್ವಾತಂತ್ರ್ಯ ಬಂದಾಗ ಅಕ್ಕಗ ಬಂದಿರ್ಲಿಲ್ಲ ನೋಡಪ್ಪ.’

ಮೊಗಲಾಯಿ ಅಂದ್ರೆ ನಿಜಾಮನ ರಾಜ್ಯ. ಎರಡೂ ದಂಡೆಯಲ್ಲಿ ಅದೇ ಕನ್ನಡ, ಅದೇ ಜೋಳದ ರೊಟ್ಟಿ. ಹಾಗಾದ್ರೆ ನಡುವೆ ಗಡಿ ಎಳೆದವರು ಯಾರು?

ಉತ್ತರ ಬೇಕಾದ್ರೆ 1798ಕ್ಕೆ ಹೋಗಬೇಕು. ಆ ವರ್ಷ ನೆಪೋಲಿಯನ್ ಈಜಿಪ್ಟಿನಲ್ಲಿ ಬಂದಿಳಿದ. ಫ್ರೆಂಚರು ಭಾರತಕ್ಕೂ ಬಂದು ಟಿಪ್ಪು ಜೊತೆ ಸೇರಿಬಿಟ್ಟರೆ ಅನ್ನೋ ಭಯ ಇಂಗ್ಲಿಷರಿಗೆ. ಅದೇ ವರ್ಷ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿ ಈ ಭಯವನ್ನೇ ಬಂಡವಾಳ ಮಾಡಿಕೊಂಡ. ಅವನ ಸಹಾಯಕ ಸೈನ್ಯ ಪದ್ಧತಿಯ ಲೆಕ್ಕ ಸರಳ. ರಕ್ಷಣೆಗೆ ಸೈನ್ಯ ಕಂಪನಿಯದು, ಖರ್ಚು ರಾಜನದು. ಹೈದರಾಬಾದಿನ ನಿಜಾಮ ಒಪ್ಪಿದ, ತನ್ನ ಬಳಿಯಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ವಿಸರ್ಜಿಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ.

1792 ಮತ್ತು 1799ರ ಯುದ್ಧಗಳಲ್ಲಿ ಬಳ್ಳಾರಿ ಸೀಮೆ ಟಿಪ್ಪುವಿನ ಕೈಯಿಂದ ನಿಜಾಮನ ಪಾಲಿಗೆ ಬಂದಿತ್ತು. ಆದರೆ ಸೈನ್ಯದ ಬಿಲ್ ಕಟ್ಟಬೇಕಲ್ಲ? 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಆ ಬಾಬ್ತಿಗೆ ಈ ಸೀಮೆಯನ್ನೇ ಕಂಪನಿಗೆ ಬರೆದುಕೊಟ್ಟ. ಗಡಿಯಲ್ಲಿ ಗೊಂದಲ ಬೇಡ ಅಂತ ಹೊಳೆಯನ್ನೇ ಗೆರೆ ಮಾಡಿಕೊಂಡರು. ಉತ್ತರದ ಕೊಪ್ಪಳ ನಿಜಾಮನಿಗೆ ಉಳಿಯಿತು, ದಕ್ಷಿಣದ ಬಳ್ಳಾರಿ, ಆದೋನಿ ಕಂಪನಿಗೆ ಹೋದವು. ಇಲ್ಲಿಗೆ ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ, ರೈತರಿಂದ ನೇರವಾಗಿ ಕಂದಾಯ ವಸೂಲಿ ಶುರುವಾಯಿತು. ಈ ದಂಡೆ ಮದ್ರಾಸಿಗೆ ಸೇರಿತು.

ಕಾಗದದ ಮೇಲಿನ ಆ ಒಂದು ಗೆರೆಯ ಬೆಲೆ ಗೊತ್ತಾಗಿದ್ದು ಸುಮಾರು 150 ವರ್ಷದ ನಂತರ. 1947ರ ಆಗಸ್ಟ್ 15ರಂದು ಈ ದಂಡೆಗೆ ಸ್ವಾತಂತ್ರ್ಯ ಬಂತು. ಆಚೆ ದಂಡೆಯವರು ರಜಾಕಾರರ ಹಾವಳಿ ಸಹಿಸಿಕೊಂಡು 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಹದಿಮೂರು ತಿಂಗಳು! ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಕೊಪ್ಪಳ ಸೇರಿದ್ದು 1956ರಲ್ಲಿ.

ಸ್ಟುಡಿಯೋದಲ್ಲಿ ಸಿರಿಯಾ, ಇರಾಕ್ ಸುದ್ದಿ ಓದುವಾಗೆಲ್ಲ ನನಗೆ ಆ ಅಜ್ಜ ನೆನಪಾಗ್ತಾರೆ. 1916ರಲ್ಲಿ ಬ್ರಿಟನ್, ಫ್ರಾನ್ಸ್ ಗುಟ್ಟಾಗಿ ಪಶ್ಚಿಮ ಏಷ್ಯಾವನ್ನು ಹಂಚಿಕೊಂಡಾಗಲೂ ಅಲ್ಲಿನ ಜನರನ್ನು ಯಾರೂ ಕೇಳಿರಲಿಲ್ಲ. ಯುದ್ಧ ಮುಗಿಯಿತು ಅಂತ ನಾವು ಸುದ್ದಿ ಓದಿ ಏಳ್ತೀವಿ. ಅದರ ಬಿಲ್ ಮಾತ್ರ ಎಲ್ಲೋ ಒಂದು ಹೊಳೆದಂಡೆಯ ಮನೆಗೆ, ಮೂರು ತಲೆಮಾರು ದಾಟಿದ ಮೇಲೂ ಬರ್ತಾನೇ ಇರುತ್ತೆ.