ನೋವು ನೀಗಿದ ನಗೆ ಅನಿಲ

1844ರ ಡಿಸೆಂಬರ್ 10. ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಒಂದು ವಿಚಿತ್ರ ಪ್ರದರ್ಶನ. ವೇದಿಕೆ ಹತ್ತಿದವರಿಗೆ 'ನಗೆ ಅನಿಲ'ವನ್ನು ಉಸಿರಾಡಲು ಕೊಡುತ್ತಿದ್ದರು. ಅವರು ನಗುತ್ತ, ಓಲಾಡುತ್ತ ಕುಣಿಯುವುದನ್ನು ನೋಡುವುದೇ ಉಳಿದವರಿಗೆ ಮೋಜು. ಹೀಗೆ ಕುಣಿದ ಯುವಕನೊಬ್ಬನ ಕಾಲಿಗೆ ಏಟು ಬಿದ್ದು ರಕ್ತ ಸುರಿಯಿತು. ಆತನಿಗೆ ಅದರ ಪರಿವೆಯೇ ಇರಲಿಲ್ಲ!

ಪ್ರೇಕ್ಷಕರಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಗಮನಿಸಿದ. ಮರುದಿನವೇ ಅದೇ ಅನಿಲ ಸೇವಿಸಿ, ತನ್ನದೇ ಹಲ್ಲೊಂದನ್ನು ಕೀಳಿಸಿಕೊಂಡ. ನೋವು ಕಾಣಿಸಲಿಲ್ಲ.

ಇದು ನೈಟ್ರಸ್ ಆಕ್ಸೈಡ್. ಶಸ್ತ್ರಚಿಕಿತ್ಸೆಯಲ್ಲಿ ಇದು ಉಪಯುಕ್ತವಾದೀತು ಎಂದು ಇಂಗ್ಲೆಂಡಿನ ಹಂಫ್ರಿ ಡೇವಿ 1800ರಲ್ಲೇ ಬರೆದಿದ್ದ. ಆದರೆ ನಾಲ್ಕು ದಶಕ ಅದು ಮೋಜಿನ ವಸ್ತುವಾಗಿಯೇ ಉಳಿಯಿತು. ಅಷ್ಟು ಕಾಲವೂ ರೋಗಿಗಳು ಪ್ರಜ್ಞೆ ಇರುವಾಗಲೇ ಕತ್ತಿಗೆ ಮೈಯೊಡ್ಡುತ್ತಿದ್ದರು.

ವೆಲ್ಸ್‌ನ ಅದೃಷ್ಟವೂ ನೆಟ್ಟಗಿರಲಿಲ್ಲ. 1845ರಲ್ಲಿ ಬಾಸ್ಟನ್ನಿನ ವೈದ್ಯರೆದುರು ಪ್ರಯೋಗ ತೋರಿಸುವಾಗ ಅನಿಲದ ಚೀಲವನ್ನು ಬೇಗನೆ ತೆಗೆದುಬಿಟ್ಟರು. ಹಲ್ಲು ಕೀಳುವಾಗ ರೋಗಿ ಚೀರಿದ. ನೆರೆದವರು ಗೇಲಿ ಮಾಡಿದರು. ಮರುವರ್ಷ ಆತನ ಹಳೆಯ ಪಾಲುದಾರ ಮಾರ್ಟನ್ ಅದೇ ನಗರದಲ್ಲಿ ಈಥರ್ ಬಳಸಿ ಹೆಸರು ಗಳಿಸಿದ. 1848ರಲ್ಲಿ ವೆಲ್ಸ್ ಆತ್ಮಹತ್ಯೆ ಮಾಡಿಕೊಂಡ.

ಅನಿಲದಲ್ಲೂ ಒಂದು ತೊಡಕಿತ್ತು. ಆಮ್ಲಜನಕವಿಲ್ಲದೆ ಬರಿಯ ನೈಟ್ರಸ್ ಆಕ್ಸೈಡ್ ಉಸಿರಾಡಿದರೆ ಉಸಿರು ಕಟ್ಟುತ್ತದೆ. 1961ರಲ್ಲಿ ಬ್ರಿಟನ್ನಿನ ವೈದ್ಯ ಮೈಕೆಲ್ ಟನ್‌ಸ್ಟಾಲ್ ಎರಡನ್ನೂ ಸಮಪಾಲಾಗಿ ಒಂದೇ ಸಿಲಿಂಡರಿನಲ್ಲಿ ತುಂಬುವ ವಿಧಾನ ತೋರಿಸಿದ. 'ಎಂಟೊನಾಕ್ಸ್' ಎಂಬ ಹೆಸರಿನಲ್ಲಿ ಅದು ಹೆರಿಗೆ ಕೋಣೆಗೂ ಆಂಬುಲೆನ್ಸಿಗೂ ಬಂತು. ಮೂಳೆ ಮುರಿದಾಗ, ಸುಟ್ಟ ಗಾಯಕ್ಕೆ ಪಟ್ಟಿ ಬದಲಿಸುವಾಗಲೂ ನೆರವಾಯಿತು.

ಇದರ ಮುಖ್ಯ ನಿಯಮವೆಂದರೆ ಮುಖವಾಡವನ್ನು ನೋವುಣ್ಣುವವರೇ ಹಿಡಿದುಕೊಳ್ಳಬೇಕು. ಉಸಿರು ಎಳೆದಾಗ ಮಾತ್ರ ಕವಾಟ ತೆರೆದು ಅನಿಲ ಬರುತ್ತದೆ. ಮಂಪರು ಹೆಚ್ಚಿದರೆ ಕೈ ತಾನಾಗಿ ಜಾರುತ್ತದೆ, ಅನಿಲ ನಿಲ್ಲುತ್ತದೆ, ಸಾಮಾನ್ಯ ಗಾಳಿ ಒಳಹೋಗುತ್ತದೆ. ಆದ್ದರಿಂದ ಗಂಡನಾಗಲಿ ತಾಯಿಯಾಗಲಿ, ಕನಿಕರದಿಂದಲೂ ಅದನ್ನು ಮುಖಕ್ಕೆ ಒತ್ತಿ ಹಿಡಿಯಬಾರದು.

ಪೂರ್ಣ ಪರಿಣಾಮಕ್ಕೆ ಅರ್ಧದಿಂದ ಒಂದು ನಿಮಿಷ ಬೇಕು. ಹೆರಿಗೆ ನೋವಿನ ಅಲೆ ಏಳುವ ಸೂಚನೆ ಕಂಡೊಡನೆ ಉಸಿರೆಳೆಯಲು ತೊಡಗಿದರೆ, ನೋವು ಶಿಖರ ಮುಟ್ಟುವ ವೇಳೆಗೆ ಅನಿಲ ಕೆಲಸ ಮಾಡುತ್ತಿರುತ್ತದೆ. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಪ್ರಭಾವ ಇಳಿಯುತ್ತದೆ.

ನೋವು ಪೂರ್ತಿ ಮಾಯವಾಗುವುದಿಲ್ಲ, ಸಹಿಸುವಷ್ಟಕ್ಕೆ ತಗ್ಗುತ್ತದೆ. ತಲೆಸುತ್ತು, ವಾಕರಿಕೆ ಉಂಟು. ದೇಹದೊಳಗೆ ಸಿಕ್ಕಿಕೊಂಡ ಗಾಳಿಯನ್ನು ಇದು ಹಿಗ್ಗಿಸುವುದರಿಂದ ಎದೆಗೆ ಪೆಟ್ಟಾಗಿ ಶ್ವಾಸಕೋಶದ ಸುತ್ತ ಗಾಳಿ ಸೇರಿದವರಿಗೆ, ಕರುಳು ಕಟ್ಟಿಕೊಂಡವರಿಗೆ ಅಪಾಯ. ಪದೇ ಪದೇ ಬಳಸಿದರೆ ಬಿ12 ಜೀವಸತ್ವ ಕೆಟ್ಟು ನರಗಳಿಗೆ ಹಾನಿಯಾಗುತ್ತದೆ. ಮೋಜಿಗಾಗಿ ಇದನ್ನು ಸೇವಿಸುವವರು ಇಂದಿಗೂ ತೆರುತ್ತಿರುವ ಬೆಲೆ ಇದೇ.

ವೆಲ್ಸ್ ಸತ್ತು 16 ವರ್ಷಗಳಾದ ಮೇಲೆ, 1864ರಲ್ಲಿ, ಅಮೆರಿಕದ ದಂತವೈದ್ಯರ ಸಂಘ ಅರಿವಳಿಕೆಯನ್ನು ಕಂಡುಹಿಡಿದವನೆಂದು ಆತನನ್ನು ಒಪ್ಪಿಕೊಂಡಿತು.