ಅಳಗುಳಿ ಮಣೆಯಲ್ಲಿ ಕಳೆದುಹೋದ ಕಾಳು

“ಸಾರ್, ರಾತ್ರಿ ಹನ್ನೊಂದಾದ್ರೂ ಹುಡುಗ ಲ್ಯಾಪ್‌ಟಾಪ್ ಬಿಟ್ಟು ಏಳಲ್ಲ. ಬರೀ ಆಟ. ನೀವಾದ್ರೂ ಒಂದ್ ಮಾತು ಹೇಳ್ರಿ.”

ಉಬ್ರಾಣಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೀಗೆಂದಾಗ, ಬೈಯುವ ಸಿದ್ಧತೆಯಲ್ಲೇ ಅವರ ಮನೆಗೆ ಹೋದೆ. ನೋಡಿದರೆ ಹುಡುಗ ಆಟ ಆಡುತ್ತಿರಲಿಲ್ಲ, ಪೈಥಾನ್ ಭಾಷೆಯಲ್ಲಿ ಆಟ ಕಟ್ಟುತ್ತಿದ್ದ. ಅದೂ ಅವನ ಅಜ್ಜಿಯ ಅಳಗುಳಿ ಮಣೆ!

ಆದರೆ ಮುಖ ಬಾಡಿತ್ತು. 14 ಗುಳಿ, ಗುಳಿಗೆ ಐದರಂತೆ 70 ಹುಣಸೆ ಬೀಜ. ಆಟ ಮುಗಿಯುವ ಹೊತ್ತಿಗೆ ಒಮ್ಮೆ 68, ಒಮ್ಮೆ 66! ಮೂರು ವಾರ ಹುಡುಕಿದರೂ ದೋಷ ಸಿಕ್ಕಿರಲಿಲ್ಲ. “ಎಲ್ಲಾ ಅಳಿಸಿಬಿಡ್ತೀನಿ ಸಾರ್” ಎಂದ.

ಅವನು ಬರೆದದ್ದನ್ನು ಓದಿದೆ. ಸುಮಾರು ನಾನೂರು ಸಾಲು. ಗುಳಿಯ ಚಿತ್ರ ಬರೆಯುವ ಸಾಲಿನ ಪಕ್ಕದಲ್ಲೇ ಕಾಳು ಎಣಿಸುವ ಸಾಲು, ಅದರ ಬೆನ್ನಿಗೇ ಮೌಸ್ ಒತ್ತಿದ್ದನ್ನು ಗಮನಿಸುವ ಸಾಲು. ನನಗೆ ನಗು ಬರಲಿಲ್ಲ. ಕಾಲೇಜು ದಿನಗಳಲ್ಲಿ ಬೇಸಿಕ್ ಭಾಷೆಯಲ್ಲಿ ನಾನು ಬರೆದದ್ದೂ ಇಂಥದೇ ಗೋಜಲು.

ಕಾಳು ಒಂದೊಂದಾಗಿ ಬೀಳುವುದು ಚೆಂದ ಕಾಣಲೆಂದು ಅವನು ಪ್ರತಿ ಕಾಳಿಗೂ ಅರ್ಧ ಸೆಕೆಂಡು ಬಿಡುವು ಕೊಟ್ಟಿದ್ದ. ಅಷ್ಟರೊಳಗೆ ಆಟಗಾರ ಇನ್ನೊಂದು ಗುಳಿಯನ್ನು ಒತ್ತಿದರೆ, ‘ಕೈಯಲ್ಲಿರುವ ಕಾಳು’ ಎಂಬ ಸಂಖ್ಯೆಯ ಜಾಗದಲ್ಲಿ ಹೊಸ ಸಂಖ್ಯೆ ಬಂದು ಕೂರುತ್ತಿತ್ತು. ಹಂಚದೆ ಉಳಿದಿದ್ದ ಕಾಳುಗಳು ಮಾಯ!

ಪ್ರೋಗ್ರಾಮನ್ನು ಮೂರು ಭಾಗ ಮಾಡಿಸಿದೆ. ಮೊದಲನೆಯದು ಆಟದ ನಿಯಮ. ಇಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ; ಗುಳಿಗಳಿಗೆ 14 ಸಂಖ್ಯೆ, ಆಟಗಾರರ ಗಳಿಕೆಗೆ ಎರಡು, ಅಷ್ಟೆ. ಗುಳಿಗಳಿಗೆ 0ಯಿಂದ 13ರವರೆಗೆ ಕ್ರಮಸಂಖ್ಯೆ ಕೊಟ್ಟರೆ, 14ರಿಂದ ಭಾಗಿಸಿದಾಗ ಬರುವ ಶೇಷವೇ ಮುಂದಿನ ಗುಳಿ ಯಾವುದೆಂದು ಹೇಳುತ್ತದೆ. ಒಂದು ಸರದಿಯ ಲೆಕ್ಕವೆಲ್ಲ ಇಲ್ಲಿ ಒಮ್ಮೆಗೇ ಮುಗಿಯುತ್ತದೆ. ಎರಡನೆಯದು ಪರದೆ: ಆ ಲೆಕ್ಕವನ್ನು ನಿಧಾನವಾಗಿ ತೋರಿಸುವುದಷ್ಟೇ ಅದರ ಕೆಲಸ, ತಿದ್ದುವ ಅಧಿಕಾರವಿಲ್ಲ. ಮೂರನೆಯದು ಮೌಸ್: ಯಾವ ಗುಳಿ ಒತ್ತಿದರೆಂದು ತಿಳಿಸುತ್ತದೆ, ಕಾಳು ಬೀಳುತ್ತಿರುವಾಗ ಮಾತ್ರ ಕಿವುಡು. ಹೀಗೆ ವಿಂಗಡಿಸುವ ಕ್ರಮವನ್ನು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ ರೂಪಿಸಿದರು.

ಇನ್ನೊಂದು ಕಾವಲನ್ನೂ ಇಡಿಸಿದೆ. ಪ್ರತಿ ಸರದಿಯ ಕೊನೆಗೆ ಗುಳಿಗಳ ಕಾಳು, ಇಬ್ಬರ ಗಳಿಕೆ ಕೂಡಿಸಿ ನೋಡು. 70 ಆಗದಿದ್ದರೆ ಆಟ ಅಲ್ಲೇ ನಿಲ್ಲಲಿ. ಒಂಬತ್ತನೇ ತರಗತಿಯಲ್ಲಿ ಓದುವ ರಾಶಿ ಸಂರಕ್ಷಣಾ ನಿಯಮವಲ್ಲವೇ ಇದು? ಪಾಠದಲ್ಲಿ ಆಕಳಿಸುವ ಹುಡುಗ ಇಲ್ಲಿ ಕಣ್ಣರಳಿಸಿದ.

ಮುಂದಿನ ಭಾನುವಾರ ಅಜ್ಜಿ ಆಡಲು ಕೂತರು. “ನಮ್ ತವರ್‌ಕಡೆ ಹಿಂಗಲ್ಲಪ್ಪ. ಗುಳಿಯಾಗೆ ನಾಕು ಕೂಡಿದ್ರೆ ಆ ಗುಳಿಯೋರು ಎತ್ಕೋಬೇಕು.” ಅಳಗುಳಿ ಮಣೆ ಊರಿಗೊಂದು ಬಗೆ, ಕರಾವಳಿಯಲ್ಲಿ ಹೆಸರೇ ಚೆನ್ನೆಮಣೆ. ಹಿಂದಿನ ಪ್ರೋಗ್ರಾಮಿನಲ್ಲಾದರೆ ಈ ಬದಲಾವಣೆಗೆ ನಾನೂರು ಸಾಲನ್ನೂ ಕೆದಕಬೇಕಿತ್ತು. ಈಗ ನಿಯಮದ ಭಾಗದಲ್ಲಿ ನಾಲ್ಕೈದು ಸಾಲು ಸೇರಿಸಿದ, ಮುಗಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅಪ್ಪ, “ಆರಾರು ಕಾಳು ಹಾಕಿ ನೋಡೋ” ಎಂದರು. ಐದನ್ನು ಆರು ಮಾಡಿದ. ಮೊದಲ ಸರದಿಗೇ ಆಟ ನಿಂತಿತು: ‘ಕಾಳಿನ ಲೆಕ್ಕ ತಪ್ಪಿದೆ.’ ಕಾವಲಿನ ಸಾಲಿನಲ್ಲಿ 70 ಎಂದೇ ಬರೆದುಬಿಟ್ಟಿದ್ದ, ಈಗ ಇದ್ದದ್ದು 84. ತಪ್ಪು ಅರ್ಧದಷ್ಟು ನನ್ನದೂ ಹೌದು. ‘ಗುಳಿ ಗುಣಿಸು ಕಾಳು’ ಎಂದು ಅವನು ತಿದ್ದುವಷ್ಟರಲ್ಲಿ ಅಪ್ಪ ಅಜ್ಜಿಯ ಎದುರು ಕುರ್ಚಿ ಎಳೆದುಕೊಂಡಿದ್ದರು.